ರಿಯಾಕ್ಟರ್ ಟೆಂಪರೇಚರ್ ಏರಿಸೋ ಮುಂಚೆ ಈ ಲೆಕ್ಕ ಹಾಕಿ

ಹುಮನಾಬಾದ್, ಬೀದರ್ ಪಕ್ಕದ ಕೊಳಾರ, ಯಾದಗಿರಿ ಜಿಲ್ಲೆಯ ಕಡೇಚೂರು. ಈ ಕಡೆಯ ಕೆಮಿಕಲ್ ಕಾರ್ಖಾನೆಗಳಿಗೆ ಹೊಸದಾಗಿ ಸೇರಿದವರು ನನ್ನನ್ನು ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಸರ್, ಟೆಂಪರೇಚರ್ ಹತ್ತು ಡಿಗ್ರಿ ಏರಿಸಿದ್ರೆ ಬ್ಯಾಚ್ ಬೇಗ ಮುಗಿಯುತ್ತಲ್ವಾ? ಮತ್ತೆ ಯಾಕೆ ಏರಿಸಲ್ಲ?" ಇದರ ಬೆನ್ನಿಗೇ ಇನ್ನೊಂದು: "ಕನ್ವರ್ಷನ್ 92 ಪರ್ಸೆಂಟಿಗೆ ನಿಂತುಬಿಟ್ಟಿದೆ, 98ಕ್ಕೆ ತಗೊಂಡು ಹೋಗೋದು ಹೇಗೆ?" ಒಬ್ಬೊಬ್ಬರಿಗೇ ಫೋನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬರೀ ರಿಯಾಕ್ಟರ್ ಒಳಗೆ ಏನಾಯ್ತು ಅಂತ ನೋಡಿ ಸೆಟ್‌ಪಾಯಿಂಟ್, ಅಂದರೆ ರಿಯಾಕ್ಟರ್ ಹಿಡಿದಿಡಬೇಕಾದ ಟೆಂಪರೇಚರ್, ಹಾಕಬೇಡಿ. ಗೋಡೌನ್‌ಗೆ ಹೋದ ಮಾಲಿನ ಕಿಲೋಗೆ ಎಷ್ಟು ರೂಪಾಯಿ ಬಿತ್ತು ಅಂತ ನೋಡಿ. ಎರಡೂ ಒಂದೇ ದಾರಿ ತೋರಿಸುತ್ತವೆ ಅಂದುಕೊಂಡರೆ ಅಲ್ಲೇ ತಪ್ಪುತ್ತೀರಿ.

ಇಲ್ಲಿ ಹೇಳೋದೆಲ್ಲ ಬ್ಯಾಚ್ ರಿಯಾಕ್ಟರ್ ಬಗ್ಗೆ. ಅಂದರೆ ಮಾಲು ಹಾಕಿ, ಬಿಸಿ ಮಾಡಿ, ರಿಯಾಕ್ಷನ್ ಮುಗಿಸಿ, ಇಳಿಸಿ, ತೊಳೆದು, ಮತ್ತೆ ಮಾಲು ಹಾಕುವ ಪಾತ್ರೆ. ನಮ್ಮಲ್ಲಿ ಗಾಜಿನ ಒಳಪದರದ ಜಿಎಲ್‌ಆರ್ ಇರುತ್ತೆ, ಇಲ್ಲಾಂದ್ರೆ ಸ್ಟೇನ್‌ಲೆಸ್ ಸ್ಟೀಲಿನದು. ಸುತ್ತ ಜಾಕೆಟ್, ಅಂದರೆ ಹೊರಕವಚ, ಅದರಲ್ಲಿ ಸ್ಟೀಮ್ ಅಥವಾ ನೀರು ಅಥವಾ ಬ್ರೈನ್ (ತುಂಬಾ ತಣ್ಣಗಿನ ಉಪ್ಪುನೀರು).

ಒಂದು ಎಚ್ಚರಿಕೆ ಮೊದಲೇ. ಇದನ್ನು ಓದಿ ಇವತ್ತು ರಾತ್ರಿ ಶಿಫ್ಟಲ್ಲಿ ಸೆಟ್‌ಪಾಯಿಂಟ್ ತಿರುಗಿಸಬೇಡಿ. ಲೆಕ್ಕ ಹಾಕೋದು ನಿಮ್ಮ ಕೆಲಸ. ಬದಲಾವಣೆ ಆಗಬೇಕಾದರೆ ಆರ್ ಅಂಡ್ ಡಿ, ಸೇಫ್ಟಿ, ಕ್ಯೂಎ (ಗುಣಮಟ್ಟ ಖಾತ್ರಿ ವಿಭಾಗ) ಮೂವರ ಸಹಿಯೂ ಬೇಕು.

ಹಂತ 1: ಮೂರು ಪದ ಕಲಸುಮೇಲೋಗರ ಮಾಡಬೇಡಿ

ಕನ್ವರ್ಷನ್ ಅಂದರೆ ಹಾಕಿದ ಕಚ್ಚಾ ಮಾಲಿನಲ್ಲಿ ಎಷ್ಟು ಪಾಲು ಖರ್ಚಾಯ್ತು ಅನ್ನೋದು. ಸೆಲೆಕ್ಟಿವಿಟಿ ಅಂದರೆ ಖರ್ಚಾದದ್ದರಲ್ಲಿ ಎಷ್ಟು ಪಾಲು ನಮಗೆ ಬೇಕಾದ ಮಾಲಾಯ್ತು ಅನ್ನೋದು. ಉಳಿದದ್ದು ಇಂಪ್ಯೂರಿಟಿ, ಟಾರು, ಇನ್ನೇನೋ. ಇವೆರಡನ್ನೂ ಗುಣಿಸಿದರೆ ಯೀಲ್ಡ್.

90 ಪರ್ಸೆಂಟ್ ಕನ್ವರ್ಷನ್, 95 ಪರ್ಸೆಂಟ್ ಸೆಲೆಕ್ಟಿವಿಟಿ ಇದ್ದರೆ ಯೀಲ್ಡ್ 85.5 ಪರ್ಸೆಂಟ್. ಕನ್ವರ್ಷನ್ 98ಕ್ಕೆ ಏರಿಸುವ ಹಟದಲ್ಲಿ ಸೆಲೆಕ್ಟಿವಿಟಿ 85ಕ್ಕೆ ಬಿತ್ತು ಅನ್ನಿ, ಯೀಲ್ಡ್ 83.3. ಮೀಟಿಂಗಲ್ಲಿ 98 ಅಂದಾಗ ಚಪ್ಪಾಳೆ ಬೀಳುತ್ತೆ, ಮಾಲು ಮಾತ್ರ ಕಡಿಮೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಮೊದಲ ಬ್ಯಾಚಿನಲ್ಲಿ ಉಳಿದ 10 ಭಾಗ ಇನ್ನೂ ಕಚ್ಚಾ ಮಾಲೇ, ಬೇಕಾದರೆ ವಾಪಸ್ ತೆಗೆಯಬಹುದು. ಎರಡನೆಯದರಲ್ಲಿ ಹಾಳಾಗಿದ್ದು ಹಾಳಾಯ್ತು, ಅದು ನೇರ ಇಟಿಪಿಗೋ (ಕೊಳೆನೀರು ಶುದ್ಧ ಮಾಡುವ ಘಟಕ) ಡ್ರಮ್ಮಿಗೋ, ಅಲ್ಲೂ ಮತ್ತೆ ಖರ್ಚು.

ಹಂತ 2: ಕೈಯಲ್ಲಿ ಏನೇನು ಇರಬೇಕು

ಕಳೆದ ಹತ್ತು ಹದಿನೈದು ಬ್ಯಾಚಿನ ಲಾಗ್‌ಶೀಟ್. ಕ್ಯೂಸಿಯ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬಿನ, ಇನ್‌ಪ್ರೊಸೆಸ್ ರಿಪೋರ್ಟ್, ಬರೀ ಕೊನೆಯದಲ್ಲ, ಗಂಟೆಗೊಂದರಂತೆ ತೆಗೆದ ಸ್ಯಾಂಪಲ್ಲಿನದು. ಕಚ್ಚಾ ಮಾಲಿನ ದರ. ಸ್ಟೀಮು, ಕರೆಂಟು, ಆಳು ಎಲ್ಲ ಸೇರಿ ರಿಯಾಕ್ಟರನ್ನು ಒಂದು ಗಂಟೆ ಹಿಡಿದಿಟ್ಟುಕೊಳ್ಳೋಕೆ ಎಷ್ಟಾಗುತ್ತೆ ಅನ್ನೋ ಅಂದಾಜು. ಇದು ಅಕೌಂಟ್ಸ್‌ನವರ ಹತ್ತಿರ ಸಿಗುತ್ತೆ, ಹೋಗಿ ಕೇಳಿದರೆ ಕೊಡುತ್ತಾರೆ, ಯಾರೂ ಹೋಗಿ ಕೇಳಲ್ಲ ಅಷ್ಟೇ.

ಇನ್ನೊಂದು, ಬ್ಯಾಚಿನ ಪೂರ್ತಿ ಸಮಯ. ಬರೀ ರಿಯಾಕ್ಷನ್ ಸಮಯ ಅಲ್ಲ. ಚಾರ್ಜಿಂಗ್, ಬಿಸಿ ಮಾಡೋದು, ತಣಿಸೋದು, ಇಳಿಸೋದು, ತೊಳೆಯೋದು, ಕ್ಯೂಸಿ ರಿಪೋರ್ಟಿಗೆ ಕಾಯೋದು, ಎಲ್ಲ. ಎಷ್ಟೋ ಕಡೆ ರಿಯಾಕ್ಷನ್ ಐದು ಗಂಟೆ, ಉಳಿದ ಕೆಲಸ ಏಳು ಗಂಟೆ. ಹಾಗಿರುವಾಗ ರಿಯಾಕ್ಷನ್ನಿನಲ್ಲಿ ಅರ್ಧ ಗಂಟೆ ಉಳಿಸೋಕೆ ಟೆಂಪರೇಚರ್ ಏರಿಸೋ ಬದಲು ತೊಳೆಯುವ ಪೈಪಿನ ಪ್ರೆಷರ್ ಸರಿ ಮಾಡಿದರೆ ಒಂದು ಗಂಟೆ ಉಳಿಯುತ್ತೆ.

ಹಂತ 3: ಎಷ್ಟು ಹೊತ್ತು ಬಿಡಬೇಕು

ಇದೇ ಮುಖ್ಯ ಹಂತ, ನಿಧಾನವಾಗಿ ಓದಿ.

ಸಾಮಾನ್ಯ ಮೊದಲ ದರ್ಜೆ ರಿಯಾಕ್ಷನ್ ತೆಗೆದುಕೊಳ್ಳಿ, ಅಂದರೆ ಉಳಿದ ಮಾಲು ಕಡಿಮೆ ಆದಂತೆ ವೇಗವೂ ಅದೇ ಪ್ರಮಾಣದಲ್ಲಿ ಕಡಿಮೆ ಆಗುವಂಥದ್ದು. ಇದರಲ್ಲಿ ಸೊನ್ನೆಯಿಂದ 90ಕ್ಕೆ ಹೋಗೋಕೆ ಎಷ್ಟು ಹೊತ್ತು ಬೇಕೋ, 90ರಿಂದ 99ಕ್ಕೆ ಹೋಗೋಕೆ ಮತ್ತೆ ಅಷ್ಟೇ ಹೊತ್ತು ಬೇಕು. ಕೊನೆಯ ಒಂಬತ್ತಕ್ಕೆ ಮೊದಲ ತೊಂಬತ್ತರಷ್ಟು ಬೆಲೆ.

ಈಗ ಇದಕ್ಕೆ ಇನ್ನೊಂದು ತೊಡಕು ಸೇರಿಸಿ. ಮಾಲು ತಯಾರಾದ ಮೇಲೆ ಸುಮ್ನೆ ಕೂರಲ್ಲ, ಅದೇ ಬಿಸಿಯಲ್ಲಿ ಮುಂದಕ್ಕೆ ರಿಯಾಕ್ಟ್ ಆಗಿ ಇಂಪ್ಯೂರಿಟಿ ಆಗುತ್ತೆ. ಉದಾಹರಣೆಗೆ ಕಚ್ಚಾ ಮಾಲು ಬೇಕಾದ ಮಾಲಾಗುವ ವೇಗದ ಅಂಕಿ ಗಂಟೆಗೆ 0.5, ಬೇಕಾದ ಮಾಲು ಹಾಳಾಗುವುದು 0.05 ಅನ್ನಿ. 1,000 ಕಿಲೋ ಹಾಕಿದ್ದೇವೆ, ತೂಕದಲ್ಲಿ ವ್ಯತ್ಯಾಸ ಇಲ್ಲ ಅಂದುಕೊಳ್ಳಿ. ಸೂತ್ರಕ್ಕೆ ಹಾಕಿದರೆ ಹೀಗೆ ಬರುತ್ತೆ:

ಶುರುವಾಗಿ 3 ಗಂಟೆಗೆ ನಿಲ್ಲಿಸಿದರೆ: ಮಾಲು 708 ಕಿಲೋ, ಉಳಿದ ಕಚ್ಚಾ 223, ಹಾಳಾದದ್ದು 69.
5 ಗಂಟೆಗೆ: ಮಾಲು 774, ಉಳಿದದ್ದು 82, ಹಾಳು 144.
8 ಗಂಟೆಗೆ: ಮಾಲು 724, ಉಳಿದದ್ದು 18, ಹಾಳು 257.

ಎಂಟು ಗಂಟೆಗೆ ಕನ್ವರ್ಷನ್ 98. ಆದರೆ ಐದು ಗಂಟೆಗಿಂತ 50 ಕಿಲೋ ಮಾಲು ಕಡಿಮೆ! "ಇನ್ನೂ ಸ್ವಲ್ಪ ಬಿಡೋಣ, ಪೂರ್ತಿ ಆಗಲಿ" ಅನ್ನೋ ರಾತ್ರಿ ಶಿಫ್ಟಿನ ಮಾತಿಗೆ ಇದೇ ಬೆಲೆ.

ಈಗ ರೂಪಾಯಿ ಹಾಕೋಣ. ಕಚ್ಚಾ ಮಾಲು ಕಿಲೋಗೆ 400 ರೂ., ರಿಯಾಕ್ಟರಿನ ಒಂದು ಗಂಟೆಗೆ 3,000 ರೂ., ತೊಳೆಯೋದು ಇಳಿಸೋದು ಎಲ್ಲ ಸೇರಿ ಹೆಚ್ಚುವರಿ 7 ಗಂಟೆ. ಅಂಕಿಗಳು ನನ್ನವು, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಉಳಿದ ಕಚ್ಚಾ ಮಾಲನ್ನು ಬಿಸಾಡಿದರೆ ಕಿಲೋ ಮಾಲಿಗೆ ಬೀಳೋದು: 3 ಗಂಟೆಗೆ 607 ರೂ., 5 ಗಂಟೆಗೆ 563, 8 ಗಂಟೆಗೆ 615. ಐದು ಗಂಟೆ ಗೆದ್ದಿತು.

ಆದರೆ ಉಳಿದ ಕಚ್ಚಾ ಮಾಲಿನ ಹತ್ತರಲ್ಲಿ ಒಂಬತ್ತು ಪಾಲನ್ನು ಕಿಲೋಗೆ 60 ರೂ. ಖರ್ಚಿನಲ್ಲಿ ವಾಪಸ್ ತೆಗೆಯೋಕೆ ಆಗುತ್ತೆ ಅನ್ನಿ. ಅದನ್ನು ಕಳೆದು ಮತ್ತೆ ಲೆಕ್ಕ ಹಾಕಿ. 3 ಗಂಟೆಗೆ 511 ರೂ., 5 ಗಂಟೆಗೆ 531, 8 ಗಂಟೆಗೆ 607. ಈಗ ಮೂರು ಗಂಟೆ ಗೆದ್ದಿತು. ರಿಯಾಕ್ಟರ್ ಅದೇ, ರಿಯಾಕ್ಷನ್ ಅದೇ, ಪಕ್ಕದಲ್ಲಿ ಒಂದು ರಿಕವರಿ ಕಾಲಮ್ ಇದೆಯಾ ಇಲ್ಲವಾ ಅನ್ನೋದರ ಮೇಲೆ ರಿಯಾಕ್ಟರಿನ ಸಮಯವೇ ಬದಲಾಯಿತು. ಎಂಟು ಗಂಟೆಯ ಬ್ಯಾಚ್, ಅದೇ ಆ 98ರದು, ಎರಡು ಲೆಕ್ಕದಲ್ಲೂ ಕೊನೆಗೆ.

ಇಲ್ಲಿ ಆಗುವ ತಪ್ಪು: ಯಾವಾಗಲೋ ಬರೆದ ಎಸ್‌ಒಪಿಯಲ್ಲಿ (ಕೆಲಸ ಹೇಗೆ ಮಾಡಬೇಕು ಅನ್ನೋ ಲಿಖಿತ ಪತ್ರ) "8 ಗಂಟೆ" ಅಂತ ಇರುತ್ತೆ, ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿರಲ್ಲ. ಗಂಟೆಗೊಂದು ಸ್ಯಾಂಪಲ್ ತೆಗೆದು ಗ್ರಾಫ್ ಹಾಕಿ ನೋಡಿ, ಮಾಲಿನ ಗೆರೆ ಮೇಲೆ ಹೋಗಿ ಎಲ್ಲಿ ಬಗ್ಗುತ್ತೆ ಅಂತ.

ಹಂತ 4: ಟೆಂಪರೇಚರ್

ಹತ್ತು ಡಿಗ್ರಿಗೆ ವೇಗ ಎರಡು ಪಟ್ಟು ಅನ್ನೋದು ಬಾಯಿಲೆಕ್ಕ. ನಿಜವಾಗಿ ಅದು ಆಕ್ಟಿವೇಷನ್ ಎನರ್ಜಿ ಮೇಲೆ ನಿಂತಿದೆ, ಅಂದರೆ ರಿಯಾಕ್ಷನ್ ಶುರುವಾಗೋಕೆ ದಾಟಬೇಕಾದ ದಿಣ್ಣೆಯ ಎತ್ತರ. ದಿಣ್ಣೆ ಎತ್ತರ ಇದ್ದಷ್ಟೂ ಬಿಸಿಯ ಪರಿಣಾಮ ಜಾಸ್ತಿ. ನಿಮ್ಮ ಮುಖ್ಯ ರಿಯಾಕ್ಷನ್ನಿಗೆ ಮೋಲಿಗೆ 50 ಕಿಲೋಜೂಲ್, ಅಡ್ಡ ರಿಯಾಕ್ಷನ್ನಿಗೆ 80 ಇದ್ದರೆ, 60ರಿಂದ 70 ಡಿಗ್ರಿಗೆ ಏರಿಸಿದಾಗ ಮುಖ್ಯದ್ದು 1.7 ಪಟ್ಟು ಆಗುತ್ತೆ, ಅಡ್ಡದ್ದು 2.3 ಪಟ್ಟು. ವೇಗ ಸಿಕ್ಕಿತು, ಕಸ ಅದಕ್ಕಿಂತ ವೇಗವಾಗಿ ಸಿಕ್ಕಿತು. ಉಲ್ಟಾ ಇದ್ದರೆ, ಅಂದರೆ ಅಡ್ಡ ರಿಯಾಕ್ಷನ್ನಿನ ದಿಣ್ಣೆ ಚಿಕ್ಕದಿದ್ದರೆ, ಏರಿಸಿದಷ್ಟೂ ಸೆಲೆಕ್ಟಿವಿಟಿಗೆ ಲಾಭವೇ. ಅದಕ್ಕೇ "ಏರಿಸಲಾ?" ಅನ್ನೋ ಪ್ರಶ್ನೆಗೆ ಎರಡು ಮೂರು ಟೆಂಪರೇಚರಿನ ಲ್ಯಾಬ್ ಡೇಟಾ ಇಲ್ಲದೆ ಯಾರೂ ಉತ್ತರ ಕೊಡೋಕೆ ಆಗಲ್ಲ, ನಾನಂತೂ ಕೊಡಲ್ಲ.

ಪುಸ್ತಕದ ಮಾತು ಅನ್ನಿಸಿದರೆ ನಮ್ಮ ಕಡೆಯ ಸುಣ್ಣದ ಭಟ್ಟಿ ನೆನೆಸಿಕೊಳ್ಳಿ. ಸುಣ್ಣದ ಕಲ್ಲು ಒಡೆದು ಸುಟ್ಟ ಸುಣ್ಣ ಆಗೋಕೆ ಸುಮಾರು 900 ಡಿಗ್ರಿ ಬೇಕು. ಕಡಿಮೆ ಆದರೆ ಕಲ್ಲಿನ ಹೊಟ್ಟೆ ಹಸಿಯಾಗಿಯೇ ಉಳಿಯುತ್ತೆ. ಉರಿ ಅತಿಯಾದರೆ ಸುಣ್ಣ ಗಟ್ಟಿಕಟ್ಟಿ, ನೀರು ಹಾಕಿದರೂ ಬೇಗ ಅರಳೋದೇ ಇಲ್ಲ. ಕಲ್ಲಿನ ಗಾತ್ರ, ಉರಿ, ಹೊತ್ತು ಈ ಮೂರನ್ನೂ ಹೊಂದಿಸುವ ಭಟ್ಟಿಯವರು ಮಾಡ್ತಿರೋದು ರಿಯಾಕ್ಟರ್ ಎಂಜಿನಿಯರಿಂಗೇ.

ಬಿಸಿಗೆ ದುಡ್ಡೂ ಬೇಕು. 5 ಕೆಎಲ್, ಅಂದರೆ 5,000 ಲೀಟರ್ ನೀರಿನಂಥ ಮಾಲನ್ನು 30ರಿಂದ 80 ಡಿಗ್ರಿಗೆ ತರೋಕೆ 3 ಬಾರ್ ಸ್ಟೀಮ್ ಹತ್ತಿರ ಹತ್ತಿರ 500 ಕಿಲೋ ಬೇಕು, ಪಾತ್ರೆ ಬಿಸಿಯಾಗೋದು, ಸೋರಿ ಹೋಗೋದು ಬೇರೆ. ಆಮೇಲೆ ಅಷ್ಟನ್ನೂ ತಣಿಸಬೇಕು, ಅದಕ್ಕೆ ಮತ್ತೆ ಚಿಲ್ಲರ್ ಕರೆಂಟು. ಜಿಎಲ್‌ಆರ್ ಆದರೆ ಇನ್ನೊಂದು ಭಯ: ಬಿಸಿ ಪಾತ್ರೆಯ ಜಾಕೆಟ್ಟಿಗೆ ಸಡನ್ ಆಗಿ ಬ್ರೈನ್ ಬಿಟ್ಟರೆ ಗಾಜು ಸೀಳುತ್ತೆ. ಮೊದಲು ನೀರು, ಆಮೇಲೆ ಬ್ರೈನ್. ತಯಾರಕರು ಕೊಟ್ಟ ಮಿತಿಯ ಚೀಟಿ ಎಲ್ಲಿದೆ ಅಂತ ಹುಡುಕಿಡಿ.

ಹಂತ 5: ತಣಿಸೋಕೆ ಆಗುತ್ತಾ ನೋಡಿ

ಬಿಸಿ ಬಿಡುವ ರಿಯಾಕ್ಷನ್ ಆದರೆ ನಿಮ್ಮ ವೇಗವನ್ನು ನಿರ್ಧರಿಸೋದು ಕೆಮಿಸ್ಟ್ರಿ ಅಲ್ಲ, ಜಾಕೆಟ್. ಹೊರಹೋಗುವ ಬಿಸಿ ಮೂರರ ಗುಣಾಕಾರ: ಗೋಡೆ ಎಷ್ಟು ಚೆನ್ನಾಗಿ ಬಿಸಿ ದಾಟಿಸುತ್ತೆ, ಜಾಕೆಟ್ಟಿನ ಮೇಲ್ಮೈ ಎಷ್ಟು, ಒಳಗಿನ ಮಾಲಿಗೂ ನೀರಿಗೂ ಟೆಂಪರೇಚರ್ ವ್ಯತ್ಯಾಸ ಎಷ್ಟು.

ಒಂದು ಲೀಟರಿನ ಲ್ಯಾಬ್ ಫ್ಲಾಸ್ಕಿನಿಂದ 5 ಕೆಎಲ್‌ಗೆ ಹೋದಾಗ, ಅದೇ ಆಕಾರ ಇಟ್ಟುಕೊಂಡರೆ, ಒಂದು ಲೀಟರ್ ಮಾಲಿಗೆ ಸಿಗುವ ಮೇಲ್ಮೈ 17 ಪಟ್ಟು ಕಡಿಮೆ ಆಗುತ್ತೆ. "ಲ್ಯಾಬಲ್ಲಿ ಅರ್ಧ ಗಂಟೆಗೆ ಡೋಸ್ ಮಾಡಿದ್ವಿ" (ಡೋಸ್ ಅಂದರೆ ಮಾಲನ್ನು ಸ್ವಲ್ಪಸ್ವಲ್ಪವಾಗಿ ಒಳಗೆ ಬಿಡೋದು) ಅನ್ನೋ ಮಾತು ಪ್ಲಾಂಟಿಗೆ ಯಾಕೆ ಒಗ್ಗಲ್ಲ ಅಂದರೆ ಇದಕ್ಕೇ.

ನೀರಿನ ಟೆಂಪರೇಚರ್ ನಮ್ಮ ಜಿಲ್ಲೆಗಳಲ್ಲಿ ಸಣ್ಣ ವಿಷಯ ಅಲ್ಲ. ಒಳಗೆ 60, ಜಾಕೆಟ್ ನೀರು 30 ಇದ್ದಾಗ ವ್ಯತ್ಯಾಸ 30. ನೀರು 35 ಆದರೆ ವ್ಯತ್ಯಾಸ 25, ತಣಿಸುವ ಶಕ್ತಿಯ ಆರನೇ ಒಂದು ಪಾಲು ಹೋಯ್ತು. ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು 42, 43 ಮುಟ್ಟಿದಾಗ, ಜಾಕೆಟ್ ನೀರನ್ನು ಗಾಳಿಯಲ್ಲಿ ತಣಿಸುವ ಕೂಲಿಂಗ್ ಟವರ್ ಕೆಲಸಕ್ಕೇ ಬರಲ್ಲ ಅನ್ನೋರಿದ್ದಾರೆ, ಅದು ಅರ್ಧ ಸತ್ಯ. ಟವರಿನ ನೀರು ಎಷ್ಟು ತಣ್ಣಗಾಗುತ್ತೆ ಅನ್ನೋದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಅಂಕಿಯ ಮೇಲೆ ನಿಂತಿದೆ, ಅದಕ್ಕೆ ವೆಟ್ ಬಲ್ಬ್ ಅಂತಾರೆ. ನಮ್ಮದು ಒಣ ಬಿಸಿಲು, ಹಾಗಾಗಿ ಆ ಅಂಕಿ ಬಿಸಿಲಿನಷ್ಟು ಏರಲ್ಲ. ನೀರು ಆವಿಯಾಗಿ ಹೋಗೋದು ಮಾತ್ರ ಜಾಸ್ತಿ, ಹೊಸ ನೀರು ಹಾಕುತ್ತಲೇ ಇರಬೇಕು. ಆ ಹೊಸ ನೀರು ಬೋರಿನದಾದರೆ ಅಸಲಿ ತೊಂದರೆ ಶುರು.

ನಮ್ಮ ಸುಣ್ಣಕಲ್ಲಿನ ಸೀಮೆಯ ಬೋರ್ ನೀರಲ್ಲಿ ತೊಗರಿ ಬೇಳೆ ಬೇಗ ಬೇಯಲ್ಲ ಅಂತ ಮನೆಯಲ್ಲಿ ಅವ್ವ ಗೊಣಗುತ್ತಾಳಲ್ಲ, ಬೇಳೆಯನ್ನು ಬೇಯೋಕೆ ಬಿಡದ ಅದೇ ಕ್ಯಾಲ್ಸಿಯಂ ಜಾಕೆಟ್ಟಿನ ಒಳಗೋಡೆಗೆ ಬಿಳಿ ಪೊರೆಯಾಗಿ ಕಟ್ಟುತ್ತೆ. ನಾನು ಕೆಲಸ ಮಾಡಿದ ಒಂದು ಕಡೆ 62ರಲ್ಲಿ ನಿಲ್ಲಬೇಕಾದ ಬ್ಯಾಚ್ ಬೇಸಿಗೆಯ ಹೊತ್ತಿಗೆ 66, 67ಕ್ಕೆ ಹೋಗೋಕೆ ಶುರುವಾಯ್ತು. ಎಲ್ಲರೂ ಬಿಸಿಲಿಗೆ ಬೈದೆವು, ನಾನೂ ಬೈದೆ. ಕೊನೆಗೆ ಜಾಕೆಟ್ ಔಟ್‌ಲೆಟ್ ಫ್ಲ್ಯಾಂಜ್ ಬಿಚ್ಚಿದಾಗ ಆ ಪೊರೆ ಮೊಟ್ಟೆಯ ಸಿಪ್ಪೆಯಂತೆ ಚಕ್ಕೆ ಚಕ್ಕೆಯಾಗಿ ಉದುರಿತು. ಡಿಸ್ಕೇಲಿಂಗ್ ಮಾಡಿ ಆ ಪೊರೆ ತೆಗೆದ ಮೇಲೆ ಅದೇ ಬಿಸಿಲಲ್ಲಿ ಬ್ಯಾಚ್ 62ಕ್ಕೇ ನಿಂತಿತು. ಅದಕ್ಕೇ ಹೇಳೋದು, ಸೆಟ್‌ಪಾಯಿಂಟ್ ಮುಟ್ಟುವ ಮುಂಚೆ ಜಾಕೆಟ್ಟಿಗೆ ಹೋಗುವ ಮತ್ತು ಬರುವ ನೀರಿನ ಟೆಂಪರೇಚರ್ ಎರಡನ್ನೂ ಒಂದು ವಾರ ಬರೆದುಕೊಳ್ಳಿ.

ಹಂತ 6: ಡೋಸಿಂಗ್, ಮತ್ತು ಕೈಮೀರುವ ಬ್ಯಾಚ್

ರಿಯಾಕ್ಷನ್ ಹುಟ್ಟಿಸುವ ಬಿಸಿ ಟೆಂಪರೇಚರ್ ಏರಿದಂತೆ ಪಟ್ಟು ಪಟ್ಟಾಗಿ ಏರುತ್ತೆ. ಜಾಕೆಟ್ ತೆಗೆಯುವ ಬಿಸಿ ಏರೋದು ನೇರ ಗೆರೆಯಲ್ಲಿ. ಒಂದು ಹಂತ ದಾಟಿದ ಮೇಲೆ ಮೊದಲನೆಯದು ಎರಡನೆಯದನ್ನು ಬಿಟ್ಟು ಓಡುತ್ತೆ, ಆಮೇಲೆ ಹಿಡಿಯೋಕೆ ಸಿಗಲ್ಲ. ಇದಕ್ಕೆ ರನ್‌ಅವೇ ಅಂತಾರೆ.

ಹೊಸಬರು ತಪ್ಪು ತಿಳಿಯೋದು ಇಲ್ಲಿ. ತಣ್ಣಗಿದ್ದರೆ ಸೇಫ್ ಅಂದುಕೊಂಡು ಕಡಿಮೆ ಟೆಂಪರೇಚರಿನಲ್ಲಿ ಡೋಸ್ ಮಾಡುತ್ತಾ ಹೋಗುತ್ತಾರೆ. ರಿಯಾಕ್ಷನ್ ಶುರುವೇ ಆಗಿರಲ್ಲ, ಹಾಕಿದ್ದೆಲ್ಲ ಒಳಗೆ ಜಮಾ ಆಗುತ್ತಿರುತ್ತೆ. ಆಮೇಲೆ ಸ್ವಲ್ಪ ಬಿಸಿ ಸಿಕ್ಕಿದಾಗ ಎಲ್ಲವೂ ಒಟ್ಟಿಗೇ ಎದ್ದೇಳುತ್ತೆ. ಕರೆಂಟ್ ಹೋದಾಗಲೂ ಇದೇ ಕಥೆ. ಮಾಲು ಕಲಸುವ ಅಜಿಟೇಟರ್ ನಿಂತಿದೆ, ಮೇಲಿನ ಟ್ಯಾಂಕಿನಿಂದ ಡೋಸಿಂಗ್ ತನ್ನ ಪಾಡಿಗೆ ಇಳಿಯುತ್ತಿದೆ, ಎರಡು ಪದರ ಬೇರೆ ಬೇರೆ ಕೂತಿವೆ. ಜನರೇಟರ್ ಬಂತು ಅಂತ ಗಡಿಬಿಡಿಯಲ್ಲಿ ಅಜಿಟೇಟರ್ ಬಟನ್ ಒತ್ತಬೇಡಿ. ಮೊದಲು ಡೋಸಿಂಗ್ ವಾಲ್ವ್ ಮುಚ್ಚಿದೆಯಾ ನೋಡಿ, ಸೀನಿಯರ್‌ಗೆ ಫೋನ್ ಮಾಡಿ.

ಒಂದು ಅಂಕಿ ಯಾವಾಗಲೂ ಗೊತ್ತಿರಲಿ: ತಣಿಸೋದು ಪೂರ್ತಿ ನಿಂತುಹೋದರೆ ತನ್ನದೇ ಬಿಸಿಗೆ ಮಾಲು ಎಷ್ಟು ಡಿಗ್ರಿ ಏರುತ್ತೆ. ಕಿಲೋ ಮಾಲಿಗೆ 200 ಕಿಲೋಜೂಲ್ ಬಿಡುವ ರಿಯಾಕ್ಷನ್, ಮಾಲು ಒಂದು ಡಿಗ್ರಿ ಏರೋಕೆ ಕಿಲೋಗೆ 2 ಕಿಲೋಜೂಲ್ ಬೇಕು ಅಂದರೆ, ಏರಿಕೆ 100 ಡಿಗ್ರಿ. 60ರಲ್ಲಿರೋದು 160ಕ್ಕೆ. ಅಲ್ಲಿ ಸಾಲ್ವೆಂಟ್ (ಮಾಲನ್ನು ಕರಗಿಸಿಟ್ಟ ದ್ರವ) ಕುದಿಯುತ್ತಾ, ಮಾಲೇ ಒಡೆಯುತ್ತಾ? ಗೊತ್ತಿಲ್ಲ ಅಂದರೆ ಬ್ಯಾಚ್ ಗಾತ್ರ ಹೆಚ್ಚಿಸುವ ಮಾತೇ ಬೇಡ.

ಅಮೆರಿಕದ ಫ್ಲೋರಿಡಾದಲ್ಲಿ ಟಿ2 ಲ್ಯಾಬೊರೇಟರೀಸ್ ಅಂತ ಒಂದು ಸಣ್ಣ ಕಾರ್ಖಾನೆ ಇತ್ತು. 42ನೇ ಬ್ಯಾಚಿನಿಂದ ಬ್ಯಾಚ್ ಗಾತ್ರವನ್ನು ಮೂರನೇ ಒಂದು ಪಾಲು ಹೆಚ್ಚಿಸಿದರು. ನೂರಕ್ಕೂ ಹೆಚ್ಚು ಬ್ಯಾಚ್ ಹಾಗೇ ನಡೆದವು. 2007ರ ಡಿಸೆಂಬರ್ 19ರಂದು 175ನೇ ಬ್ಯಾಚಿನಲ್ಲಿ ಕೂಲಿಂಗ್ ಕೈಕೊಟ್ಟಿತು, ಬದಲಿ ವ್ಯವಸ್ಥೆ ಇರಲಿಲ್ಲ, ರಿಯಾಕ್ಟರ್ ಸಿಡಿದು ನಾಲ್ವರು ಸತ್ತರು. "ಇಷ್ಟು ದಿನ ಏನೂ ಆಗಿಲ್ಲವಲ್ಲ ಸರ್" ಅನ್ನೋರಿಗೆ ನಾನು ಈ 175 ಅನ್ನೋ ಅಂಕಿ ಹೇಳುತ್ತೇನೆ.

ಹಂತ 7: ಒಂದು ಮಾಲು ಜಾಸ್ತಿ ಹಾಕೋದು

ಕೆಲವು ರಿಯಾಕ್ಷನ್ ಅರ್ಧಕ್ಕೇ ನಿಲ್ಲುತ್ತವೆ. ಎಷ್ಟು ಹೊತ್ತು ಬಿಟ್ಟರೂ ಮುಂದಕ್ಕೆ ಹೋಗಲ್ಲ, ಯಾಕೆಂದರೆ ಹಿಂದಕ್ಕೂ ಅದೇ ವೇಗದಲ್ಲಿ ನಡೆಯುತ್ತಿರುತ್ತೆ. ಇದು ಸಮತೋಲ. ನಮ್ಮ ಕಬ್ಬಿನ ಸೀಮೆಯ ಎಥನಾಲನ್ನೇ ತೆಗೆದುಕೊಳ್ಳಿ. ಅಸಿಟಿಕ್ ಆಸಿಡ್ ಜೊತೆ ಸಮಸಮ ಮೋಲ್ ಹಾಕಿದರೆ ಎಥೈಲ್ ಅಸಿಟೇಟ್ ಆಗೋದು ಮೂರರಲ್ಲಿ ಎರಡು ಪಾಲು ಮಾತ್ರ, ಸಮತೋಲದ ಅಂಕಿ 4ರ ಹತ್ತಿರ ಇರೋದರಿಂದ. ಎಥನಾಲ್ ಮೂರು ಪಟ್ಟು ಹಾಕಿದರೆ ಆಸಿಡ್ಡಿನ ಕನ್ವರ್ಷನ್ 90 ಮುಟ್ಟುತ್ತೆ. ಖುಷಿ ಅಲ್ವಾ?

ಈಗ ಪಾತ್ರೆ ನೋಡಿ. ಒಟ್ಟು 1,000 ಕಿಲೋ ಹಿಡಿಸುವ ಪಾತ್ರೆಯಲ್ಲಿ ಸಮಸಮ ಹಾಕಿದಾಗ ಎಥೈಲ್ ಅಸಿಟೇಟ್ ಸುಮಾರು 550 ಕಿಲೋ ಬರುತ್ತೆ. ಮೂರು ಪಟ್ಟು ಹಾಕಿದಾಗ 400. ಕನ್ವರ್ಷನ್ ಏರಿತು, ಮಾಲು ಇಳಿಯಿತು, ಏಕೆಂದರೆ ಪಾತ್ರೆಯ ಜಾಗವನ್ನೆಲ್ಲ ಹೆಚ್ಚುವರಿ ಎಥನಾಲ್ ತಿಂದಿತು. ಅದನ್ನೆಲ್ಲ ಮತ್ತೆ ಡಿಸ್ಟಿಲ್ ಮಾಡಬೇಕು, ಸ್ಟೀಮ್ ಸುರಿಯಬೇಕು. ಅದಕ್ಕಿಂತ ರಿಯಾಕ್ಷನ್ನಿನಲ್ಲಿ ಹುಟ್ಟುವ ನೀರನ್ನು ಆಗಾಗಲೇ ಹೊರಗೆ ತೆಗೆಯೋದು ಎಷ್ಟೋ ಕಡೆ ಅಗ್ಗ.

ಇಲ್ಲಿನ ಹಳ್ಳ: ಸಾದಾ ಡಿಸ್ಟಿಲೇಷನ್ನಿನಲ್ಲಿ ವಾಪಸ್ ತೆಗೆದ ಎಥನಾಲ್ ತೂಕದಲ್ಲಿ 95.6 ದಾಟಲ್ಲ, ಉಳಿದದ್ದು ನೀರು. ಅದನ್ನೇ ಮುಂದಿನ ಬ್ಯಾಚಿಗೆ ಹಾಕಿದರೆ ನೀರೂ ಜೊತೆಗೆ ಹೋಗಿ ರಿಯಾಕ್ಷನ್ನನ್ನು ಹಿಂದಕ್ಕೆ ಎಳೆಯುತ್ತೆ. ವಾಪಸ್ ತೆಗೆದ ಎಥನಾಲಿನ ತೇವಾಂಶ ಅಳೆಯದೆ ಚಾರ್ಜ್ ಮಾಡಬೇಡಿ.

ಹಂತ 8: ಪ್ರೆಷರ್ ಮತ್ತು ಅಜಿಟೇಟರ್

ಪ್ರೆಷರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಲ್ಲವೂ ದ್ರವವೇ ಆಗಿದ್ದರೆ ಪ್ರೆಷರ್ ಏರಿಸಿದರೂ ರಿಯಾಕ್ಷನ್ನಿಗೆ ಹೆಚ್ಚೇನೂ ಆಗಲ್ಲ, ಕುಕ್ಕರಿನಂತೆ ಕುದಿಯುವ ಬಿಂದು ಮೇಲೆ ಹೋಗುತ್ತೆ ಅಷ್ಟೇ. ಹೈಡ್ರೋಜನ್ ಥರ ಗ್ಯಾಸ್ ಕರಗಬೇಕಾದ ಕಡೆ ಪ್ರೆಷರ್ ನಿಜಕ್ಕೂ ವೇಗ ಕೊಡುತ್ತೆ, ಆದರೆ ಪಾತ್ರೆಯ ರೇಟಿಂಗ್, ಕಂಪ್ರೆಸರ್, ಸೇಫ್ಟಿ ಎಲ್ಲವೂ ದುಬಾರಿ.

ಅಜಿಟೇಟರಿಗೆ ಒಂದು ಸುಲಭ ಪರೀಕ್ಷೆ ಇದೆ, ಲ್ಯಾಬಿನಲ್ಲಿ ಮಾಡಿ. ಆರ್‌ಪಿಎಂ ಏರಿಸಿದಾಗ ರಿಯಾಕ್ಷನ್ ವೇಗ ಏರಿದರೆ ನಿಮ್ಮ ಅಡಚಣೆ ಕಲಸೋದರಲ್ಲಿದೆ, ಅಂಥ ಕಡೆ ಟೆಂಪರೇಚರ್ ಏರಿಸಿ ಪ್ರಯೋಜನ ಕಡಿಮೆ. ವೇಗ ಏರದಿದ್ದರೆ ಸುಮ್ನೆ ತಿರುಗಿಸಬೇಡಿ. ಆರ್‌ಪಿಎಂ 10 ಪರ್ಸೆಂಟ್ ಏರಿಸಿದರೆ ಕರೆಂಟು 33 ಪರ್ಸೆಂಟ್ ಜಾಸ್ತಿ ಎಳೆಯುತ್ತೆ, ಮೋಟಾರ್ ಟ್ರಿಪ್ ಆದರೆ ಹಂತ 6ಕ್ಕೆ ವಾಪಸ್.

ಹಂತ 9: ಟ್ರಯಲ್ ಬ್ಯಾಚ್

ಒಂದು ಸಲಕ್ಕೆ ಒಂದೇ ಬದಲಾವಣೆ. ಟೆಂಪರೇಚರೂ ಏರಿಸಿ, ಸಮಯವೂ ಇಳಿಸಿ, ಹೊಸ ಲಾಟಿನ ಕಚ್ಚಾ ಮಾಲೂ ಹಾಕಿದರೆ ಆಮೇಲೆ ಯಾವುದರಿಂದ ಏನಾಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಮೂರು ಬ್ಯಾಚ್ ಹಳೇ ಥರ, ಮೂರು ಹೊಸ ಥರ, ಪಕ್ಕಪಕ್ಕದಲ್ಲೇ ಓಡಿಸಿ. ಪ್ರತಿಯೊಂದಕ್ಕೂ ಒಣಗಿಸಿ ತೂಗಿದ ಮಾಲಿನ ಕಿಲೋ, ಒಟ್ಟು ಗಂಟೆ, ಸ್ಟೀಮ್ ಮೀಟರ್ ರೀಡಿಂಗ್, ರಿಕವರಿ ಎಷ್ಟು, ಇಟಿಪಿಗೆ ಎಷ್ಟು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಕೆಳಗಡೆ ಕಿಲೋಗೆ ಎಷ್ಟು ರೂಪಾಯಿ ಅಂತ ಒಂದು ಸಾಲು.

ಟ್ರಯಲ್ ಮಾಡೋಕೆ ಎಲ್ಲರೂ ಚಳಿಗಾಲವನ್ನೇ ಹುಡುಕುತ್ತಾರೆ, ಆಗ ನೀರು ತಣ್ಣಗಿರುತ್ತೆ, ಎಲ್ಲವೂ ಚೆಂದ ಕಾಣುತ್ತೆ. ಜನವರಿಯಲ್ಲಿ ಪಾಸಾದ ಸೆಟ್‌ಪಾಯಿಂಟನ್ನು ಎಸ್‌ಒಪಿಯಲ್ಲಿ ಕಾಯಂ ಮಾಡುವ ಮುಂಚೆ ಮೇ ತಿಂಗಳ ಒಂದು ಮಧ್ಯಾಹ್ನ, ಎರಡು ಗಂಟೆಯ ಸುಮಾರಿಗೆ, ಡೋಸಿಂಗ್ ನಡೆಯುವಾಗ ಪಕ್ಕದಲ್ಲೇ ನಿಂತು ಜಾಕೆಟ್ಟಿನ ಎರಡೂ ಥರ್ಮಾಮೀಟರ್ ನೋಡಿ.